ಬಾವುಟದ ಗಂಟು

ಒಂದೇ ಒಂದು ಗಂಟು ಹಾಕಿ ಇಡೀ ಪಂಚಾಯಿತಿಯ ಮಾನವನ್ನು ಕಂಬದ ತುದಿಗೆ ನೇತುಹಾಕಿದ ಗಂಡು ನಿಮ್ಮೂರಲ್ಲಿ ಇದ್ದಾನೆಯೆ? ಇರಲಾರ. ನಮ್ಮೂರಲ್ಲಿದ್ದಾನೆ. ಹೆಸರು ಚಂದು. ಕಟ್ಟೆಮಳಲವಾಡಿ ದಾಟಿ, ಬಸ್ಸಿನ ಕಂಡಕ್ಟರನಿಗೂ ಹೆಸರು ನೆನಪಿರದ ನಮ್ಮೂರಿಗೆ ಬಂದು ಯಾರನ್ನಾದರೂ ಕೇಳಿ ನೋಡಿ. ಪರದೆ ಹರಿಯುವಂಥ ಎಂಟ್ರಿ, ಶಿಳ್ಳೆ ಬೀಳುವಂಥ ಡೈಲಾಗು. ಆ ಕಾಫಿ ಲೋಟ ಕೆಳಗಿಡಿ, ಹೇಳುತ್ತೇನೆ.

ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ. ಪಂಚಾಯಿತಿ ಅಧ್ಯಕ್ಷ ಚನ್ನಬಸವಣ್ಣನ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಹಸಿ ಹೊಗೆಸೊಪ್ಪಿನ ರಾಶಿ. ಚಂದು, ಅವನ ಅಪ್ಪ ಜವರಯ್ಯ, ಅವ್ವ ಮಾಯಮ್ಮ ಮೂವರೂ ಕೂತು ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಸೊಪ್ಪಿನ ಅಂಟು ಬೆರಳಿಗೆ ಮೆತ್ತಿ ಕಪ್ಪಗೆ ಗಟ್ಟಿಯಾಗಿತ್ತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ರಾತ್ರಿ ಮುದ್ದೆ ಮುರಿದರೆ ಮುದ್ದೆಯೂ ಕಹಿ.

"ಏನ್ಲಾ ಏಸಪ್ಪ, ನಿಮ್ ಏಸು ಮೇಲಿಂದ ಇಳ್ದು ಬಂದು ಸೊಪ್ಪು ಕಟ್ತಾನಾ? ಕೈ ಬಿರ್ರನೆ ಆಡ್ಲಿ, ಬೋಳಿಮಗ್ನೆ," ಅಂದ ಚನ್ನಬಸವಣ್ಣ.

ಜವರಯ್ಯ ಎದ್ದು ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿದ. "ಸ್ವಾಮಿ, ನಾಳೀಕ್ ಒಂದಿನ ಶೆಡ್ಡಿನ್ ಬೀಗ ತೆಗುಸ್ಕೊಡಿ. ಸ್ವಾತಂತ್ರ್ಯದ್ ದಿನ ದೇಸಕ್ಕೇಂತ ವರ್ಸವೂ ಪ್ರಾರ್ಥನೆ ಮಾಡ್ತಿದ್ವಿ."

ಕೇರಿಯ ಹದಿನೈದು ಮನೆಯವರು ಭಾನುವಾರ ಸೇರುತ್ತಿದ್ದ ತಗಡಿನ ಶೆಡ್ಡು ಅದು. ಅಲ್ಲಿ ಮತಾಂತರ ನಡೆಯುತ್ತಿದೆ ಎಂದು ಯಾರೋ ಅರ್ಜಿ ಬರೆದರು. ಬರೆದ ಅಕ್ಷರ ಚನ್ನಬಸವಣ್ಣನ ಮಗನದು ಎಂದು ಊರಿಗೆಲ್ಲ ಗೊತ್ತು. ಎರಡು ತಿಂಗಳಿಂದ ಶೆಡ್ಡಿಗೆ ಬೀಗ. ಬೀಗದ ಕೈ ಚನ್ನಬಸವಣ್ಣನ ಉಡಿದಾರದಲ್ಲಿ.

"ದೇಸಕ್ಕೆ ನಿನ್ ಪ್ರಾರ್ಥನೆ ಬ್ಯಾಡ ಕಣ್ಲಾ. ನಾಳೆ ಬಾವುಟದ್ ಮುಂದೆ, ಎಲ್ಲಾರ್ ಎದ್ರುಗೆ, ಕುಂಕುಮ ಇಟ್ಕೊ. ಕಾಯಿ ಒಡಿ. 'ಆ ದೇವ್ರ ಬುಟ್ಟೆ' ಅನ್ನು. ಅಲ್ಲೇ ನಿಂತ್ಕಂಡು ಬೀಗದ್ ಕೈ ಕೊಡ್ತೀನಿ."

"ದೇವ್ರನ್ನೇ ಬುಟ್ಮೇಲೆ ಬೀಗದ್ ಕೈ ತಕ್ಕಂಡು ಏನ್ ಮಾಡ್ಲಿ ಸ್ವಾಮಿ?"

"ಕುರಿ ಕಟ್ಟು!"

ಬ್ಯಾರನ್ನಿನ ನೆರಳಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಜವರಯ್ಯ ನಗು ಮುಗಿಯುವವರೆಗೆ ಕಾದ.

"ನಿಮ್ ಗುಡಿ ಮೆಟ್ಲು ನಮ್ಮಪ್ಪ ಅತ್ನಿಲ್ಲ, ನಾನೂ ಅತ್ನಿಲ್ಲ. ಈ ಏಸು ಚಪ್ಲಿ ಬುಟ್ಟು ಬಾ ಅಂತನೂ ಅನ್ನಿಲ್ಲ, ಸುಮ್ಕೆ ಬಾ ಅಂದ. ಓದ್ವಿ. ಅದ್ರಲ್ಲಿ ನಿಮ್ ಗಂಟು ಏನೋಯ್ತು?"

"ಬಾಯಿ ಬಂದದೆ ನಿಂಗೆ." ಚನ್ನಬಸವಣ್ಣ ಜವರಯ್ಯನ ಕಾಲಿನ ಪಕ್ಕಕ್ಕೇ ಉಗಿದ. "ಬೆಳಗ್ಗೆ ಆರಕ್ಕೆ ಬಾವುಟ ಕಟ್ಟಾಕೆ ಬಂದ್ಬುಡು."

ಊರಿನ ಬಾವುಟ ಕಟ್ಟುವವನು ಜವರಯ್ಯನೇ. ಮೂವತ್ತು ವರ್ಷದಿಂದ ಶಾಲೆಯ ಕಂಬಕ್ಕೆ ಸುಣ್ಣ ಬಳಿಯುವುದು, ಚೆಂಡುಹೂವಿನ ದಳ ತುಂಬಿ ಬಾವುಟ ಮಡಿಸುವುದು, ಎಳೆದೊಡನೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿ ಮೇಲಕ್ಕೇರಿಸುವುದು, ಎಲ್ಲ ಅವನ ಕೈ ಕೆಲಸ. ಹಗ್ಗ ಎಳೆಯುವ ಕೈ ಮಾತ್ರ ಅಧ್ಯಕ್ಷರದು. ಅವರು ಬರುವ ಹೊತ್ತಿಗೆ ಜವರಯ್ಯ ಕಾಂಪೌಂಡಿನ ಮೂಲೆ ಸೇರಬೇಕು.

"ನೀ ಕಟ್ಬ್ಯಾಡ ಕಣಪ್ಪೋ," ಚನ್ನಬಸವಣ್ಣ ಅತ್ತ ಹೋದದ್ದೇ ಚಂದು ಹಲ್ಲು ಕಡಿದ. "ಕೈಗೆ ಅತ್ತಿದ್ ಅಂಟಾದ್ರೂ ಒಂದಿನ ಓಯ್ತದೆ. ಈ ಚಂದು ಎದೇಗ್ ಅತ್ತಿದ್ ಕಿಚ್ಚು, ಊರ್ ಕೆರೆ ಸುರುದ್ರೂ ಆರಾಕಿಲ್ಲ!"

"ಮೊದ್ಲು ಆ ಕಡ್ಡಿ ಮುಗ್ಸು ಸಿನ್ಮಾ ಈರೋ," ಅಂದಳು ಮಾಯಮ್ಮ.

"ಬಾವುಟ ಅವ್ರಪ್ಪಂದಲ್ಲ ಕಣ್ಲಾ, ನಾನ್ ಬುಡಾಕೆ," ಅಂದ ಜವರಯ್ಯ.

ಬೆಳಿಗ್ಗೆ ಅಪ್ಪ ಬಾವುಟ ಮಡಿಸಿ, ಗಂಟು ಹಾಕಿ, ಸುಣ್ಣದ ಕೈ ತೊಳೆಯಲು ಬೋರ್‌ವೆಲ್ ಕಡೆ ಹೋದ. ಅಷ್ಟು ಹೊತ್ತು ಚಂದುವಿಗೆ ಸಾಕಾಯಿತು. ಜಾರುಗಂಟು ಬಿಚ್ಚಿ, ಹೊಗೆಸೊಪ್ಪಿನ ಕಡ್ಡಿಗೆ ಹಾಕುವ ಬಿಗಿಗಂಟನ್ನು ಎರಡು ಸುತ್ತು ಬಿಗಿದು, ಸರಸರ ಮೇಲಕ್ಕೇರಿಸಿಬಿಟ್ಟ.

ಎಂಟು ಗಂಟೆ. ಗರಿಗರಿ ಬಿಳಿ ಅಂಗಿಯ ಚನ್ನಬಸವಣ್ಣ ಹಗ್ಗ ಎಳೆದ. ಬಾವುಟ ಬಿಚ್ಚಲಿಲ್ಲ. ಮತ್ತೆ ಎಳೆದ. ಮೇಲೆ ಅದು ಬಾವಲಿಯ ಹಾಗೆ ಮುದುರಿಕೊಂಡೇ ತೂಗಿತು. ಮಕ್ಕಳು ಕಿಸಕ್ಕನೆ ನಕ್ಕವು. ಮೂರನೇ ಸಲ ಇಡೀ ಮೈಭಾರ ಬಿಟ್ಟು ಜಗ್ಗಿದ. ಹಗ್ಗ ಕೈಯಿಂದ ಜಾರಿ, ಹಿಂದಕ್ಕೆ ತೂರಾಡಿ, ಜವರಯ್ಯನಿಗೆಂದು ಇಟ್ಟಿದ್ದ ಕುಂಕುಮದ ತಟ್ಟೆಯಲ್ಲಿ ಕಾಲಿಟ್ಟ.

"ಯಾವ್ ಸೂಳೆಮಗ ಕಟ್ಟಿದ್ದು ಇದ್ನ?"

ಆಗ ಚಂದು ಜನರನ್ನು ಸೀಳಿಕೊಂಡು ಬಂದ. ಮೈಕು ಕಿತ್ತುಕೊಂಡ. "ನಾನೇ ಕಣಯ್ಯಾ! ನಮ್ ದೇವ್ರಿಗ್ ಬೀಗ ಜಡ್ದ ಕೈಗೆ ನಮ್ ಬಾವುಟ ಬಿಚ್ಚಾಕಿಲ್ಲ! ಬೀಗದ್ ಕೈ ಮಡಗು, ಗಂಟು ನಾನ್ ಬಿಚ್ತೀನಿ!" ಕೇರಿಯ ಹೆಂಗಸರು ಶಿಳ್ಳೆ ಹೊಡೆದರು. ಚನ್ನಬಸವಣ್ಣನ ಕೈ ತಾನಾಗಿಯೇ ಉಡಿದಾರಕ್ಕೆ ಹೋಯಿತು...

ಸಾಕು. ನನಗೇ ಹೇಸಿಗೆಯಾಗುತ್ತಿದೆ. ಮೈಕು ಹಿಡಿದದ್ದು ಸುಳ್ಳು. ಶಿಳ್ಳೆ ಸುಳ್ಳು. ಆ ಮಾತನ್ನು ಚಂದು ಎಷ್ಟೋ ದಿನದ ಮೇಲೆ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಾ ಒಬ್ಬನೇ ಹೇಳಿಕೊಂಡ.

ನಡೆದದ್ದು ಬೇರೆ. ಯಾರು ಕಟ್ಟಿದ್ದು ಎಂದು ಚನ್ನಬಸವಣ್ಣ ಕೇಳಿದಾಗ ಚಂದು ತನ್ನ ಚಪ್ಪಲಿ ನೋಡುತ್ತಿದ್ದ. ಮೂಲೆಯಲ್ಲಿದ್ದ ಜವರಯ್ಯ ತಲೆಯೆತ್ತಿ ಗಂಟು ನೋಡಿದ. ಮಗನನ್ನು ಒಮ್ಮೆ ನೋಡಿದ.

"ನಾನೇ ಸ್ವಾಮಿ ಕಟ್ಟಿದ್ದು," ಅಂದ.

ಮೊದಲು ಕೆನ್ನೆಗೆ ಬಿತ್ತು. ಆಮೇಲೆ ಚನ್ನಬಸವಣ್ಣ ನೆಲದ ಮೇಲೆ ಚೆಲ್ಲಿದ ಕುಂಕುಮವನ್ನು ಮಣ್ಣಿನ ಸಮೇತ ಬಾಚಿ ಅವನ ಹಣೆಗೆ, ಕಣ್ಣಿಗೆ, ಬಾಯಿಗೆ ಬಳಿದ. "ಬುಟ್ಟೆ ಅನ್ಲಾ! ಅನ್ನು!"

ಜವರಯ್ಯ ಅನ್ನಲಿಲ್ಲ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕಂಬದ ಹತ್ತಿರ ಹೋದ. ಬಾವುಟವನ್ನು ಕೆಳಗಿಳಿಸಿ, ಮಗನ ಗಂಟನ್ನು ಹಲ್ಲಿನಿಂದ ಬಿಡಿಸಿ, ತನ್ನ ಗಂಟು ಹಾಕಿ ಮೇಲೇರಿಸಿದ. ಚನ್ನಬಸವಣ್ಣ ಹಗ್ಗಕ್ಕೆ ಕೈ ಚಾಚಿದ.

ಜವರಯ್ಯ ಕೊಡಲಿಲ್ಲ. ತಾನೇ ಎಳೆದ.

ಬಾವುಟ ಬಿಚ್ಚಿತು. ಹಳದಿ ದಳಗಳು ಜವರಯ್ಯನ ಬೋಳುತಲೆಯ ಮೇಲೆ ಸುರಿದವು. ಮೇಷ್ಟ್ರು ಅಭ್ಯಾಸಬಲದಿಂದ ರಾಷ್ಟ್ರಗೀತೆ ಶುರು ಮಾಡಿಬಿಟ್ಟರು. ಹೊಡೆಯಲು ಎತ್ತಿದ್ದ ಕೈಯನ್ನು ಇಳಿಸಿ ಚನ್ನಬಸವಣ್ಣನೂ ನೆಟ್ಟಗೆ ನಿಲ್ಲಬೇಕಾಯಿತು. ಹಾಡು ಮುಗಿಯಿತು. ಮುಗಿದ ಕೂಡಲೇ ಐದಾರು ಜನ ಜವರಯ್ಯನ ಮೇಲೆ ಬಿದ್ದರು. ಬಾವುಟಕ್ಕೆ ಅವಮಾನ ಮಾಡಿದ ಎಂದು ಪೊಲೀಸ್ ಜೀಪೂ ಬಂತು.

ಚನ್ನಬಸವಣ್ಣ ಚಂದುವನ್ನು ಶಾಲೆಯ ಜಗಲಿಗೆ ಕರೆದ. ಕೈಗೆ ಒಂದು ಲಾಡು ಹಾಕಿದ, ಮೇಲಿಂದ, ತಾಗದ ಹಾಗೆ. ಆಮೇಲೆ ಒಂದು ಕಾಗದ ಚಾಚಿದ.

"'ನಮ್ಮಪ್ಪ ಬೇಕೂಂತ್ಲೇ ಬಿಗಿಗಂಟು ಆಕ್ದ' ಅಂತ ಬರ್ದದೆ. ಸೈನ್ ಆಕು. ಆಕುದ್ರೆ ಬೀಗದ್ ಕೈ ನಿಂದು. ಇಲ್ದಿದ್ರೆ ಜೀಪಲ್ಲಿ ಇನ್ನೂ ಜಾಗ ಅದೆ."

ಚಂದು ಸೈನ್ ಹಾಕಿದ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಲಾಡು. ಆಮೇಲೆ ಲಾಡು ತಿಂದ. ಅದನ್ನೂ ಹೇಳಿಬಿಡುತ್ತೇನೆ: ಬೆರಳನ್ನೂ ನೆಕ್ಕಿದ.

ಜವರಯ್ಯನನ್ನು ಶನಿವಾರ ಸಂಜೆ ಠಾಣೆಯಿಂದ ಬಿಟ್ಟರು. ಕಾಗದದಲ್ಲಿ ಏನಿತ್ತು, ಯಾರ ಸೈನ್ ಇತ್ತು ಎಂದು ಅಲ್ಲಿಯೇ ಓದಿ ಹೇಳಿದ್ದರಂತೆ. ಮನೆಗೆ ಬಂದವನು ಮಗನನ್ನು ದಾಟಿಕೊಂಡು ಒಳಗೆ ಹೋದ. ನೀರು ಕುಡಿದು ಮಲಗಿದ.

ಭಾನುವಾರ ಚಂದು ಎಲ್ಲರಿಗಿಂತ ಮುಂಚೆ ಹೋಗಿ ಶೆಡ್ಡಿನ ಬೀಗ ತೆಗೆದ. ಗುಡಿಸಿದ, ಜೇಡರ ಬಲೆ ತೆಗೆದ, ಚಾಪೆಗಳನ್ನು ಹಾಸಿದ. ಹದಿನೈದು ಮನೆಯವರೂ ಬಂದರು. ಬಾಗಿಲು ಹಾರುಹೊಡೆದಿತ್ತು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ಅಂಗಳದ ಮಣ್ಣಿನಲ್ಲೇ ಸಾಲಾಗಿ ಕೂತರು. ಜವರಯ್ಯ ಊದಿದ ತುಟಿಯಲ್ಲಿ ದೇಶಕ್ಕಾಗಿ ಪ್ರಾರ್ಥನೆ ಶುರು ಮಾಡಿದ.

"ಅವ್ವ," ಅಂದ ಚಂದು ಬಾಗಿಲಲ್ಲಿ ನಿಂತು.

ಮಾಯಮ್ಮ ಕಣ್ಣು ತೆರೆಯಲಿಲ್ಲ. "ನೀನ್ ಸಂಪಾದ್ಸಿರೋದು ಕಣಪ್ಪ ಅದು. ನೀನೇ ಕೂತ್ಕೊ."

ಸೋನೆ ಹಿಡಿಯಿತು. ಯಾರೂ ಏಳಲಿಲ್ಲ. ಮೇಲೆ ತಗಡು, ಕೆಳಗೆ ಹದಿನೈದು ಮನೆಯ ಚಾಪೆ, ನಡುವೆ ಚಂದು ಒಬ್ಬನೇ, ಒಂದು ಹನಿಯೂ ತಾಗದೆ.