ಸಾಹೇಬರು ಶಾಲೆಗೆ ಬಂದ ದಿನ

ಹೊಗೆ ಕಣ್ಣಿಗೇ ನುಗ್ಗುತ್ತಿದೆ, ಹಸಿ ಸೌದೆ, ಒಣಗಿದ ತೊಗರಿ ಕಟ್ಟಿಗೆಯಾದರೂ ಕೊಡಬಾರದಿತ್ತೇ ಈ ಮಾಸ್ತರ, ನಿಂಬೆವ್ವ ಶಾಲೆಯ ಹಿಂದೆ ಒಲೆ ಹೂಡಿಕೊಂಡು ಜೋಳದ ರೊಟ್ಟಿ ಬಡಿಯುತ್ತಾಳೆ, ರೊಟ್ಟಿಯನ್ನಲ್ಲ, ಶಾಂತಲಿಂಗಪ್ಪ ಮಾಸ್ತರನ ಬೆನ್ನನ್ನು — ಅಫಜಲಪುರದಲ್ಲಿ ಮನೆ ಮಾಡಿಕೊಂಡು ಹುಣ್ಣಿಮೆಗೋ ಅಮಾವಾಸ್ಯೆಗೋ ಇಲ್ಲಿ ಮುಖ ತೋರಿಸುವವನ ಬೆನ್ನನ್ನು. ನಿನ್ನೆ ಬಾಗಿಲಿಗೆ ಬಂದು ಎಷ್ಟು ನಯವಾಗಿ ನಿಂತಿದ್ದ, ಇನ್ಸ್‌ಪೆಕ್ಟರ್ ಸಾಹೇಬ್ರು ಬರಾಕತ್ತಾರ ನಿಂಬೆವ್ವ, ನಿನ್ನ ಕೈ ರೊಟ್ಟಿ ಅಂದ್ರ ರೊಟ್ಟಿ, ಮಗಳು ಕಸ್ತೂರೀನೂ ಕರಕೊಂಡು ಬಾ, ಒಲಿ ನೋಡ್ಕೋತಾಳ, ಹೆಸರು ಬಂದಾಗ ನಾನೇ ಒಳಗ ಕರೀತೇನಿ. ಖರೇ ಕರೀತೀರಿಲ್ರಿ ಮಾಸ್ತರ? ಹೂನಬೇ. ಖುಷಿಯಾಗಿತ್ತು, ಸುಡಲಿ ಆ ಖುಷಿ. ಹೋದ ವರ್ಷ ಸಾಹೇಬರೇ ಹೇಳಿದ್ದರಲ್ಲ, ಮುಂದಿನ ಸಲ ಬಂದಾಗ ಚೆನ್ನಾಗಿ ಓದುವ ಒಬ್ಬ ಹುಡುಗಿಯನ್ನು ಗುಲಬರ್ಗಾದ ಸರಕಾರಿ ಹಾಸ್ಟೆಲ್ಲಿಗೆ ಹಾಕುತ್ತೇನೆ, ಊಟ ಬಟ್ಟೆ ಪುಸ್ತಕ ಎಲ್ಲ ಪುಕ್ಕಟೆ ಎಂದು. ಅಂದಿನಿಂದ ಮಗಳು ಎಮ್ಮೆ ಕಾಯುತ್ತ ಓದಿದಳು, ಕಸ ಕೀಳುತ್ತ ಪಾಠ ಒಪ್ಪಿಸಿದಳು, ಕಲಿಸುವವರಿಲ್ಲದ ಶಾಲೆಯಲ್ಲಿ ತಾನೇ ಕಲಿತಳು, ಹಾಸ್ಟೆಲ್ಲು ಸಿಗದಿದ್ದರೆ ಅವಳಿಗೂ ನನ್ನಂತೆ ಗೌಡರ ಹೊಲದ ಕೂಲಿಯೇ, ಈ ರೊಟ್ಟಿ ಹಂಚೇ. ಕಿಟಕಿಯೊಳಗೆ ಗದ್ದಲ — ಯಾರ ಮಕ್ಕಳಿವು, ಕಾಲಿಗೆ ಬೂಟು, ಬೆಳಿಗ್ಗೆ ಟೆಂಪೋದಿಂದ ಇಳಿದವು, ಪ್ಯಾಟಿ ಸಾಲಿ ಹುಡುಗ್ರು ಯವ್ವಾ, ಸಾಹೇಬ್ರು ಬಂದಾಗೆಲ್ಲ ಬೆಂಚು ತುಂಬಾಕ ತರ್ತಾರ, ಎಂದಳು ಕಸ್ತೂರಿ, ನಕ್ಕಳು ಬೇರೆ. ನಗಬ್ಯಾಡಬೇ ಹುಚ್ಚಿ, ದೇವರು ಕೊಟ್ಟರೂ ಪೂಜಾರಿ ಕೊಡ.

ಒಳಗೆ ಮಾಸ್ತರನ ದನಿ, ಕಸ್ತೂರಿಬಾಯಿ ಚಂದಪ್ಪ! ಮಗಳು ಒಲೆ ಬಿಟ್ಟು ತಟ್ಟನೆ ಎದ್ದಳು, ಕೈ ಎತ್ತಿದಳು, ಬಾಯಿ ತೆರೆದಳು — ಹಾಜರ್ ಸರ್! ಅದು ಒಳಗಿನಿಂದ, ಟೆಂಪೋದಲ್ಲಿ ಬಂದ ಯಾವಳದೋ ದನಿ, ಪಟಪಟ ಓದುತ್ತಿದ್ದಾಳೆ, ಶಾಬ್ಬಾಸ್ ಕಸ್ತೂರಿಬಾಯಿ, ಎನ್ನುತ್ತಿದ್ದಾರೆ ಸಾಹೇಬರು, ಗುಲಬರ್ಗಾದ ಹಾಸ್ಟೆಲ್ಲಿಗೆ ಬರ್ತೀಯೇನಮ್ಮಾ? ಒಲ್ಲೆನ್ರಿ ಸರ್, ನಮ್ಮ ಮನ್ಯಾಗ ಕಳಸಂಗಿಲ್ಲ, ಮಾಸ್ತರ ಬಾಯಿಪಾಠ ಮಾಡಿಸಿದ ಮಾತು. ಯಾವ ಮನೆಯೇ, ಯಾರೇ ಕಳಿಸದವರು, ಹೆತ್ತವಳು ನಾನು ಇಲ್ಲೇ ಕೂತಿದ್ದೇನೆ, ನಿಮಗೇ ರೊಟ್ಟಿ ಬಡಿಯುತ್ತ ಕೂತಿದ್ದೇನೆ, ನನ್ನನ್ನು ಯಾರು ಕೇಳಿದರು, ಅಯ್ಯೋ ಈ ಮಾಸ್ತರನ ವಂಶ — ರೊಟ್ಟಿ ಸೀಯುತ್ತಿದೆ, ಸೀಯಲಿ, ಒಳಗೆ ಮುಂದಿನ ಹೆಸರು ಕರೆದರು, ಮಗಳ ಕೈ ಇನ್ನೂ ಮೇಲಿದೆ, ಮೊಣಕೈತನಕ ಬೂದಿ, ಆ ಕೈ, ಮೇಲೇ ಇದೆ, ಆ ಕೈ —