ಭದ್ರಮ್ಮನ ಲೈಸೆನ್ಸು

“ಭಾನುವಾರ ತುಮಕೂರ್ ಬಟವಾಡೀಲಿ ಕಾರ್ ಓಡುಸ್ತಿದ್ದಂತಲ್ಲೇ. ಯಾರಪ್ಪಂದೇ ಆ ಕಾರು?”

ಗೇಟಿನಲ್ಲಿ ಸಾಲಾಗಿ ನಿಂತಿದ್ದ ನಮ್ಮೆಲ್ಲರ ಮುಂದೆ ಸೂಪರ್‌ವೈಸರ್ ಶಿವಮೂರ್ತಿ ಭದ್ರಮ್ಮನ ಬ್ಯಾಗಿನೊಳಗೆ ಕೈ ಹಾಕಿ ಕೇಳಿದ. ಊಟದ ಡಬ್ಬಿ ಹೊರಗೆಳೆದು ಮುಚ್ಚಳ ತೆಗೆದ. ಮುದ್ದೆಯ ಪಕ್ಕದಲ್ಲಿ ಬೇಯಿಸಿದ ಮೊಟ್ಟೆಯೊಂದಿತ್ತು.

“ನೋಡ್ರೋ, ಮೊಟ್ಟೆ ಬೇರೆ ಕೇಡು. ಕೆಲ್ಸ ಇಲ್ಲ, ಸಾಯ್ತೀವಿ ಸಾರ್ ಅಂತ ಅಳ್ತೀರ. ಮೊಟ್ಟೆ ತಿಂತೀರ, ಕಾರ್ ಕಲೀತೀರ. ನಿಮ್ ಜನದ್ ಕೈಲಿ ಕಾಸು ನಿಲ್ಲಾಕಿಲ್ಲ ಕಣೇ. ಕಂಪ್ನಿ ಕೊಟ್ಟಿದ್ನೆಲ್ಲ ಹಿಂಗೇ ಹಾಳ್ ಮಾಡ್ರಿ, ಬೇವರ್ಸಿಗಳಾ.”

“ಕಂಪ್ನಿ ಕೊಟ್ಟಿದ್ದಲ್ಲ ಸಾರ್. ದುಡ್ದಿದ್ದು.”

ಆ ಒಂದು ಮಾತಿಗೆ ಭದ್ರಮ್ಮ ಮಧ್ಯಾಹ್ನದವರೆಗೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಳು. ಅರ್ಧ ದಿನದ ಹಾಜರಿ ಹೋಯಿತು.

ಅದು ಎರಡು ಸಾವಿರದ ಒಂಬತ್ತನೇ ಇಸವಿ. ಅಮೆರಿಕಾದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ. ಹಿರೇಹಳ್ಳಿಯಲ್ಲಿ ನಮ್ಮ ಟೀ ನಿಂತಿತು. ನಮ್ಮದು ಪ್ಲಾಸ್ಟಿಕ್ ಕುರ್ಚಿ ಮಾಡುವ ಕಾರ್ಖಾನೆ. ಮೊದಲು ಟೀ, ಆಮೇಲೆ ಕಂಪನಿ ಬಸ್ಸು, ಕೊನೆಗೆ ಕೆಲಸವೇ ದಿನ ಬಿಟ್ಟು ದಿನ ಎಂದಾಯಿತು. ಕಾಂಟ್ರಾಕ್ಟ್ ಹೆಂಗಸರಿಗೆ ಮಾತ್ರ. ಹೆಬ್ಬೂರು ಕಾಲೊನಿಯಿಂದ ಬರುತ್ತಿದ್ದ ನಾವು ಈಗ ತುಮಕೂರಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕಿತ್ತು. ದೊಡ್ಡಗಂಗಮ್ಮ ಅಡಿಕೆ ಬಿಟ್ಟು ಬರೀ ಎಲೆ ಜಗಿಯತೊಡಗಿದಳು. ನಾನು ಮಗಳನ್ನು ಟ್ಯೂಷನ್ನಿನಿಂದ ಬಿಡಿಸಿದೆ. ತಲೆಗೆ ಹೂವು ಮುಡಿಯುವುದು ಯಾವಾಗ ನಿಂತಿತೋ ನಮಗೇ ನೆನಪಿಲ್ಲ.

ಎಲ್ಲರೂ ಹೀಗೆ ಕೈ ಬಿಗಿ ಹಿಡಿದಾಗ ಭದ್ರಮ್ಮ ಮನೆಯಲ್ಲಿದ್ದ ಮೇಕೆ ಮಾರಿ ತುಮಕೂರಿನ ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

“ತಲೆ ಕೆಟ್ಟದೇನೇ ನಿಂಗೆ? ಹೊಟ್ಟೆಗಿಲ್ದಿರೋ ಕಾಲ್ದಾಗೆ ಸ್ಟೇರಿಂಗ್ ಹಿಡೀತೀಯಾ?” ಎಂದು ದೊಡ್ಡಗಂಗಮ್ಮ ಬೈದಳು.

“ಹೊಟ್ಟೆಗಿಲ್ದಿರಾದ್ಕೇ ಕಣಕ್ಕ. ಇನ್ನೆಷ್ಟ್ ವರ್ಷ ಕುರ್ಚಿ ಅಂಚು ಹೆರ್ಕಂಡಿರಾನ? ನನ್ ಬೆರಳ್ ನೋಡು.”

ಅಚ್ಚಿನಿಂದ ಬಿಸಿಬಿಸಿಯಾಗಿ ಬಿದ್ದ ಕುರ್ಚಿಯ ಅಂಚನ್ನು ಬ್ಲೇಡಿನಿಂದ ಹೆರೆಯುವುದು ನಮ್ಮ ಕೆಲಸ. ನಮ್ಮೆಲ್ಲರ ಬೆರಳೂ ಹಾಗೇ ಸುಟ್ಟು, ಕೊಯ್ದುಕೊಂಡಿದ್ದವು.

ಅವಳ ಲೆಕ್ಕಾಚಾರ ಬೇರೆ ಇತ್ತು. ಕುರ್ಚಿಗಳ ಅಟ್ಟಿ ಎತ್ತಿ ಲಾರಿಗೆ ತುಂಬುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಗಂಗರಾಜುವಿಗೆ ಕಣ್ಣು ಮಂಜಾಗಿ ಅವನು ಕೆಲಸ ಬಿಡುವವನಿದ್ದ. ಲೈಸೆನ್ಸ್ ಇರುವ ನಮ್ಮ ಕಾರ್ಮಿಕರಿಗೇ ಆದ್ಯತೆ ಎಂದು ಕ್ಯಾಂಟೀನಿನ ಗೋಡೆಗೆ ನೋಟೀಸು ಅಂಟಿಸಿದ್ದರು. ಅದು ಪರ್ಮನೆಂಟ್ ಕೆಲಸ. ಊಟದ ಹೊತ್ತಿನಲ್ಲಿ ಗಂಗರಾಜು ಅವಳನ್ನು ಆ ಗಾಡಿಯ ಮೇಲೆ ಕೂರಿಸಿ, ಮುಂದಿನ ಕಬ್ಬಿಣದ ತೋಳುಗಳನ್ನು ಎತ್ತುವುದು, ಇಳಿಸುವುದು ಕಲಿಸಿದ. “ಈಯಮ್ಮನ್ ಕೈ ನಂಗಿಂತ ಮೆತ್ತಗದೆ,” ಎಂದು ಎಲ್ಲರೆದುರೂ ಹೇಳಿದ. ಬೇಸಿಗೆ ಮುಗಿಯುವಷ್ಟರಲ್ಲಿ ಭದ್ರಮ್ಮನ ಲೈಸೆನ್ಸು ಬಂತು.

ಆ ವಾರವೇ ಕಂಪನಿ ನಮಗೆ ಟ್ರೈನಿಂಗ್ ಇಟ್ಟಿತು. ಬೆಂಗಳೂರಿನಿಂದ ಟೈ ಕಟ್ಟಿದವನೊಬ್ಬ ಬಂದ. ಕಷ್ಟಕಾಲದಲ್ಲಿ ಖರ್ಚು ಹೇಗೆ ಮಾಡಬೇಕು, ಬದುಕಿನಲ್ಲಿ ಗುರಿ ಹೇಗೆ ಇಟ್ಟುಕೊಳ್ಳಬೇಕು ಎಂಬುದು ವಿಷಯ. ಮ್ಯಾನೇಜರ್ ಲಕ್ಷ್ಮೀನರಸಿಂಹಯ್ಯ ಮುಂದಿನ ಸಾಲಿನಲ್ಲಿ ಕುಳಿತರು. ನಾವು ನೆಲದ ಮೇಲೆ.

“ಹೊರಗಡೆ ಟೀ ಕುಡಿಯೋದು ಬಿಡಿ,” ಎಂದ ಅವನು. “ಹೋಟೆಲ್ ಬಿಡಿ. ಸಿನಿಮಾ ಬಿಡಿ. ಬೇಕಾಗಿದ್ದು ಯಾವುದು, ಆಸೆಗೆ ತಗೊಂಡಿದ್ದು ಯಾವುದು ಅಂತ ಯೋಚನೆ ಮಾಡಿ.”

“ಬಿಡಾಕೆ ಏನಾರ ಇದ್ರೆ ತಾನೆ,” ಎಂದು ದೊಡ್ಡಗಂಗಮ್ಮ ನನ್ನ ಕಿವಿಯಲ್ಲಿ ಉಸುರಿದಳು. “ಇನ್ನು ಉಸ್ರಾಡದು ಒಂದು ಬಿಡ್ಬೇಕು.”

ಅವನಿಗೆ ಅವಳ ತುಟಿ ಆಡಿದ್ದು ಕಂಡಿತು. “ಹೇಳಿ ಅಮ್ಮ, ನಿಮ್ಮ ಗುರಿ ಏನು?”

“ಬಸ್ಸಲ್ಲಿ ಸೀಟ್ ಸಿಕ್ರೆ ಸಾಕು ಸ್ವಾಮಿ.”

ನಕ್ಕೆವು. ಅವನೂ ನಕ್ಕ. ಆಗ ಭದ್ರಮ್ಮ ಎದ್ದು ನಿಂತಳು. “ನಾನು ಫೋರ್ಕ್‌ಲಿಫ್ಟ್ ಡ್ರೈವರ್ ಆಗ್ಬೇಕು ಸಾರ್. ಮೇಕೆ ಮಾರಿ ಕಲ್ತಿದೀನಿ. ಲೈಸೆನ್ಸ್ ಬಂದದೆ.”

ಟೈ ಕಟ್ಟಿದವನು ಚಪ್ಪಾಳೆ ತಟ್ಟಿ, ನಮ್ಮಿಂದಲೂ ತಟ್ಟಿಸಿದ. ಖರ್ಚು ಅಂದರೆ ಇದು, ಗುರಿ ಅಂದರೆ ಇದು ಎಂದ. ಅವಳನ್ನು ಮ್ಯಾನೇಜರ್ ಪಕ್ಕ ನಿಲ್ಲಿಸಿ ಫೋಟೋ ತೆಗೆದ. ಲಕ್ಷ್ಮೀನರಸಿಂಹಯ್ಯ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು ಹಲ್ಲು ಬಿಟ್ಟರು.

ಮಾರನೆಯ ದಿನ ಅವಳು ಮ್ಯಾನೇಜರ್ ರೂಮಿಗೆ ಹೋದಳು. ಜೊತೆಗೆ ನಾನೂ ಇದ್ದೆ. ಅವರು ಲೈಸೆನ್ಸನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿಡು ಎಂದರು. ಬಗ್ಗಿ ನೋಡಿದರು.

“ಗುರಿ ಇರ್ಬೇಕಮ್ಮ, ಬೇಡ ಅನ್ನಲ್ಲ. ಆದ್ರೆ ಅದಕ್ಕೊಂದು ಅಳತೆ ಬೇಡ್ವ? ಆ ಗಾಡಿಗೆ ಆಯುಧಪೂಜೆ ಮಾಡೋನು ಡ್ರೈವರ್ರೇ. ಮಂಗಳಾರತಿ ಎತ್ಬೇಕು, ಪ್ರಸಾದ ಕೊಡ್ಬೇಕು. ನೀನು ಕೊಟ್ರೆ ಎಲ್ರೂ ಈಸ್ಕೊಂತಾರಾ? ನನಗೇನಿಲ್ಲ, ಜನ ಇದಾರಲ್ಲ.”

“ಪೂಜೆ ನೀವೇ ಮಾಡ್ಕಳಿ ಸಾರ್. ನಂಗೆ ಕೆಲ್ಸ ಕೊಡಿ.”

“ನಮ್ಮ ಬಾಮೈದನ ಮಗ ಚೈತನ್ಯ ಸೋಮವಾರದಿಂದ ಬರ್ತಾನೆ. ಗಂಗರಾಜು ಇವತ್ತೇ ಬಿಡ್ತಿದಾನೆ. ಹುಡುಗನಿಗಿನ್ನೂ ಸರಿಯಾಗಿ ಬರಲ್ಲ. ನೀನೇ ಒಂದು ವಾರ ಹೇಳ್ಕೊಡು. ಪುಣ್ಯ ಬರುತ್ತೆ.”

ಹೊರಗೆ ಬಂದ ಮೇಲೆ ಭದ್ರಮ್ಮ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದಳು. ಎಷ್ಟು ಹೊತ್ತಾದರೂ ತೊಳೆಯುತ್ತಲೇ ಇದ್ದಳು.

“ಬುಡೇ, ಇವರ್ ಮನೆ ಹಾಳಾಗ,” ಎಂದೆ.

“ಮೇಕೆ ಮಾರುವಾಗ ಅದು ನನ್ನೇ ನೋಡ್ತಿತ್ತು ಕಣೇ,” ಎಂದಳು.

ಸೋಮವಾರ ಚೈತನ್ಯ ಬಂದ. ಲಾರಿಯೊಂದು ಗೇಟಿನ ಒಳಗೆ ಲೋಡಿಗೆ ಕಾದಿತ್ತು. ಅವನು ಫೋರ್ಕ್‌ಲಿಫ್ಟ್ ಹತ್ತಿ ಕುರ್ಚಿಗಳ ಅಟ್ಟಿಗೆ ಗುದ್ದಿದ. ಅಟ್ಟಿ ವಾಲಿತು. ಶಿವಮೂರ್ತಿ ಭದ್ರಮ್ಮನತ್ತ ತಿರುಗಿದ.

“ಏನ್ ನೋಡ್ತಾ ನಿಂತಿದೀಯೇ ಲೌಡಿ? ಹೇಳ್ಕೊಡು ಅಂದಿಲ್ವ ಸಾಹೇಬ್ರು? ಹತ್ತಿ ತೋರ್ಸು.”

ಚೈತನ್ಯ ಇಳಿದ. ಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಅಟ್ಟಿಯ ಕೆಳಗೆ ತೋಳು ತೂರಿಸಿ, ಒಂದು ಕುರ್ಚಿಯೂ ಅಲುಗದಂತೆ ಎತ್ತಿದಳು. ಲಾರಿಯ ಪಕ್ಕ ಹೋದವಳು ಅಲ್ಲಿ ನಿಲ್ಲಲಿಲ್ಲ. ನೇರ ಗೇಟಿಗೆ ಹೋಗಿ, ಗಾಡಿಯನ್ನು ಅಡ್ಡ ತಿರುಗಿಸಿ, ಅಟ್ಟಿಯನ್ನು ನೆಲಕ್ಕಿಳಿಸಿ ಎಂಜಿನ್ ಆಫ್ ಮಾಡಿದಳು. ಕೆಳಗಿಳಿದು ಮೇಲಿನ ಕುರ್ಚಿ ತೆಗೆದು ಹಾಕಿಕೊಂಡು ಕುಳಿತಳು.

ನಿಂತೇ ಕೆಲಸ ಮಾಡುವ ನಾವು ನಮ್ಮ ಕೈಯಿಂದ ಇಳಿದ ಕುರ್ಚಿಯಲ್ಲಿ ಅಲ್ಲಿಯವರೆಗೆ ಕುಳಿತವರಲ್ಲ. ದೊಡ್ಡಗಂಗಮ್ಮ ಬ್ಲೇಡು ಬಿಸಾಡಿ ಹೊರಟಳು. ಒಂದು ಕುರ್ಚಿ ಎಳೆದುಕೊಂಡು, ಮಂಡಿ ಹಿಡಿದು, “ಅಪ್ಪಾ ಸಿದ್ಲಿಂಗಪ್ಪ,” ಎನ್ನುತ್ತ ಕುಳಿತಳು. ನಾನು ಹೋದೆ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಒಳಗೆ ಯಂತ್ರಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಬಿದ್ದ ಕುರ್ಚಿಗಳನ್ನು ಎತ್ತುವವರಿರಲಿಲ್ಲ.

ಲಕ್ಷ್ಮೀನರಸಿಂಹಯ್ಯ ಓಡಿ ಬಂದರು. “ಮುಂಡೇವಾ, ಕೆಲ್ಸ ಹೋಗುತ್ತೆ ಎಲ್ರುದೂ.”

“ಸಾಹೇಬ್ರಿಗೂ ಒಂದು ಕುರ್ಚಿ ಹಾಕ್ರೇ, ಆಯಾಸ ಆಗದೆ,” ಎಂದಳು ದೊಡ್ಡಗಂಗಮ್ಮ.

ಅವರು ಫೋನು ತೆಗೆದರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪೊಲೀಸ್ ಜೀಪು ಹೈವೇಯಿಂದ ತಿರುಗಿ ಬಂದು ನಿಂತಿತು. ಇನ್ಸ್‌ಪೆಕ್ಟರು ಇಳಿದು, ಲಾಠಿಯ ತುದಿಯಿಂದ ಫೋರ್ಕ್‌ಲಿಫ್ಟ್ ಮುಟ್ಟಿ ಕೇಳಿದರು.

“ಯಾರೀ ಇದರ ಡ್ರೈವರ್ರು?”

ಶಿವಮೂರ್ತಿ ನೆಲ ನೋಡಿದ. ಚೈತನ್ಯ ಲಾರಿಯ ಹಿಂದಕ್ಕೆ ಸರಿದ. ಲಕ್ಷ್ಮೀನರಸಿಂಹಯ್ಯ ಕೈ ಚಾಚಿ ತೋರಿಸಿದರು.

“ಇವ್ಳೇ ಸಾರ್. ಇವ್ಳೇ ಡ್ರೈವರ್ರು.”

ಭದ್ರಮ್ಮ ಎದ್ದು ನಿಂತಳು. “ಇನ್ನೊಂದ್ಸಲ ಹೇಳಿ ಸಾರ್,” ಎಂದಳು. “ಎಲ್ರಿಗೂ ಕೇಳ್ಲಿ.”