ತದ್ದೆಯಾ ಅರೆದ ಹಸಿರು

ತದ್ದೆಯಾಳ ಬಲಗೈ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಇಗರ್ಜಿಯಲ್ಲಿ ಮೊಣಕಾಲೂರಿದಾಗಲೂ ಅದು ತೊಡೆಯ ಮೇಲೆ ಸಣ್ಣಗೆ ಸುತ್ತು ಹಾಕುತ್ತಲೇ ಇರುತ್ತಿತ್ತು. ಫೆರಾರಾ ಪಟ್ಟಣದ ಚಿತ್ರಕಾರ ಬಾಲ್ದಿನೊನ ಮನೆಯಲ್ಲಿ ಅಡುಗೆ, ಬಟ್ಟೆ, ಕೋಳಿಗೂಡು ಎಲ್ಲ ಅವಳದೇ. ನಡುನಡುವೆ ಬಣ್ಣದ ಕಲ್ಲು ಅರೆಯುವುದೂ ಸೇರಿಕೊಂಡಿತ್ತು. ಶಿಷ್ಯರು ಅರೆದರೆ ಅದು ವಿದ್ಯೆ, ಅವಳು ಅರೆದರೆ ಮನೆಗೆಲಸ. ಪುಡಿಯನ್ನು ಬೆರಳ ನಡುವೆ ತಿಕ್ಕಿ, ತರಿ ಸಿಕ್ಕಿದರೆ "ಇನ್ನೂ ಹಲ್ಲಿದೆ" ಎನ್ನುವಳು. ಬೇಯದ ಕಾಳಿಗೂ ಅದೇ ಮಾತು, ಯಜಮಾನನ ಸಿಟ್ಟಿಗೂ ಅದೇ. ಇವಳ ಸೂಪಿನಲ್ಲಿ ದೇವಮಾತೆಯ ಸೆರಗಿನ ನೀಲಿ ತೇಲುತ್ತದೆಂದು ನೆರೆಯವರು ಆಡಿಕೊಳ್ಳುತ್ತಿದ್ದರು.

ಆ ವರ್ಷ ಬಾಲ್ದಿನೊ ಚಿತ್ರವಾಗಿ ಬರೆಯುತ್ತಿದ್ದದ್ದು ಸೂರ್ಯನ ಮಗನ ಕತೆ. ಅಪ್ಪನ ರಥ ಓಡಿಸಲು ಹೋಗಿ ಹುಡುಗ ಪೊ ನದಿಗೆ ಬಿದ್ದು ಸತ್ತ. ದಡದಲ್ಲಿ ಅತ್ತು ಅತ್ತು ಅವನ ಅಕ್ಕತಂಗಿಯರು ಪಾಪ್ಲರ್ ಮರಗಳಾದರು. ಕಿರಿಯ ತಂಗಿಯಾಗಿ ಚಿತ್ರಕ್ಕೆ ನಿಂತವಳು ತದ್ದೆಯಾಳ ಮಗಳು ನಿಕೊಲೊಸಾ. ಚಿತ್ರದಲ್ಲಿ ಅವಳ ಬೆರಳ ತುದಿಯಲ್ಲಿ ಎಲೆ ಚಿಗುರಿತ್ತು, ಮುಖ ಇನ್ನೂ ಹುಡುಗಿಯದೇ. ಬೇಸಗೆಯ ಜ್ವರ ನಿಕೊಲೊಸಾಳನ್ನು ಒಯ್ದ ಮೇಲೆ ತದ್ದೆಯಾ ಚಿತ್ರದ ಕೋಣೆಯನ್ನು ಕಸವಿಲ್ಲದಿದ್ದರೂ ಗುಡಿಸತೊಡಗಿದಳು.

ಚಿತ್ರ ಬರೆಸುತ್ತಿದ್ದ ಧಣಿ, ಕಿರಿಯವಳ ಮುಖವನ್ನೂ ಎಲೆಗಳಿಂದ ಮುಚ್ಚಬೇಕೆಂದು ಹೇಳಿಕಳಿಸಿದ. ಬಾಲ್ದಿನೊ ಮನೆಯಲ್ಲಿ ಉಳಿದಿದ್ದ ಒಂದೇ ಹಸಿರು ಕಲ್ಲನ್ನು ಅರೆಯಲೆಂದು ತದ್ದೆಯಾಳ ಮುಂದಿಟ್ಟು, ಅವಳ ಕಡೆ ನೋಡದೆ ಹೊರಟುಹೋದ. ಆ ಕಲ್ಲನ್ನು ಅತಿಯಾಗಿ ಅರೆದರೆ ಬಣ್ಣ ಬಿಳಚಿಕೊಂಡು, ಕೆಳಗಿನದನ್ನು ಮುಚ್ಚದಂತಾಗುತ್ತದೆ. ತದ್ದೆಯಾ ಸಂಜೆಯ ಗಂಟೆಯವರೆಗೂ ಅರೆದಳು. ಒಲೆಯ ಮೇಲೆ ಸೂಪು ಸೀದುಹೋಯಿತು.

"ಸಾಕು ಬಿಡೇ, ಬಣ್ಣ ಸತ್ತೇಹೋಯ್ತು," ಎಂದ ಬಾಲ್ದಿನೊ.

"ಇನ್ನೂ ಹಲ್ಲಿದೆ, ಯಜಮಾನ್ರೇ."

"ಗೊತ್ತಿದ್ದೂ ಗೊತ್ತಿದ್ದೂ ಹಾಳು ಮಾಡಿದೀಯ."

"ಒಂದ್ಸಲ ಅವಳ ಮುಖಕ್ಕೆ ಮಣ್ಣು ಹಾಕಿ ಮುಚ್ಚಿ ಬಂದಿದೀನಿ. ಇನ್ನೊಂದ್ಸಲ ನನ್ನ ಕೈಲೇ ಮುಚ್ಚಿಸ್ಬೇಡಿ."

ಬಾಲ್ದಿನೊ ಆ ಬಿಳಚಿದ ಹಸಿರನ್ನೇ ಎಣ್ಣೆಯಲ್ಲಿ ಕಲಸಿ, ಮುಖದ ಮೇಲೆ ತೆಳ್ಳಗೆ ಎಲೆ ಬರೆದ. ಎಲೆಗಳ ಹಿಂದೆ ನಿಕೊಲೊಸಾ, ತಿಳಿನೀರಿನಡಿ ಇದ್ದವಳಂತೆ, ಹಾಗೆಯೇ ಉಳಿದಳು. ಧಣಿ ಬಂದು ನೋಡಿದವನು, ಮರವಾಗುತ್ತಿರುವುದು ಕಣ್ಣೆದುರೇ ನಡೆದಂತಿದೆ ಎಂದು ಬಾಲ್ದಿನೊನ ಕೈಯನ್ನು ಹೊಗಳಿದ. ಅರೆದ ಕೈ ಆಗ ಅವರಿಬ್ಬರಿಗೂ ದ್ರಾಕ್ಷಾರಸ ಬಗ್ಗಿಸುತ್ತಿತ್ತು.

ಚಿತ್ರ ಗಾಡಿಯೇರಿ ಹೋಯಿತು. ಬಟ್ಟೆ ಒಗೆಯಲು ನದಿಗೆ ಹೋದಾಗಲೆಲ್ಲ ತದ್ದೆಯಾ ದಡದ ಎಳೆಯ ಪಾಪ್ಲರ್ ಒಂದರ ತೊಗಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸುತ್ತಿಸುವಳು, ನುಣುಪಾಯಿತೇ ಎಂದು ನೋಡುವವಳಂತೆ. ಚಿತ್ರಗಳಲ್ಲಿ ದುಃಖ ಉಕ್ಕಿದ ಹೆಂಗಸರು ಮರವಾಗಿ, ಬಂಡೆಯಾಗಿ, ಒರತೆಯಾಗಿ ನಿಂತುಬಿಡುತ್ತಾರೆ. ತದ್ದೆಯಾಳಂಥವರಿಗೆ ಮರವಾಗಲು ಪುರುಸೊತ್ತು ಎಲ್ಲಿಯದು? ಬಟ್ಟೆ ಹಿಂಡಬೇಕು, ನಾಳೆಗೆ ಕಾಳು ನೆನೆಹಾಕಬೇಕು. ದುಃಖವನ್ನು ಅವರು ಕೆಲಸದ ಜೊತೆಗೇ ಅರೆಯುತ್ತಿರುತ್ತಾರೆ, ಅದಕ್ಕಿನ್ನೂ ಹಲ್ಲಿದೆಯೆಂದು ಬೆರಳಿಗೆ ತಿಳಿಯುತ್ತಲೇ ಇರುತ್ತದೆ.